ಬಾಯಿಯ ಆರೋಗ್ಯ, ದೇಹದ ಆರೋಗ್ಯ

(ಘಾಟಿ ಸುಬ್ರಹ್ಮಣ್ಯದಲ್ಲಿ ನಡೆದ ಸಂಘದ ವಿದ್ಯಾರ್ಥಿ ಶಿಬಿರದಲ್ಲಿ ದಂತ ವೈದ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಹಲ್ಲಿನ ಡಾಕ್ಟರು ಮಾತಾಡುತ್ತಾರೆ ಎಂದರೆ ಹುಡುಗರ ಮುಖ ಸಪ್ಪಗಾಗುವುದು ಸಹಜ. ದಿನಕ್ಕೆ ಎರಡು ಸಲ ಹಲ್ಲುಜ್ಜಿ, ಚಾಕೊಲೇಟ್ ಕಡಿಮೆ ಮಾಡಿ ಎಂದು ಹೇಳಿ ಹೋಗುತ್ತಾರೆ, ಅಷ್ಟೇ ತಾನೇ ಎಂದು ನೀವು ಅಂದುಕೊಂಡಿರಬಹುದು. ಅದನ್ನೂ ಹೇಳುತ್ತೇನೆ. ಆದರೆ ಮೊದಲು ಈ ಊರಿನ ಮಾತಿನಿಂದಲೇ ಆರಂಭಿಸುತ್ತೇನೆ.

ಘಾಟಿ ಎಂದರೆ ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನವರಿಗೆಲ್ಲ ನೆನಪಾಗುವುದು ಇಲ್ಲಿನ ದನಗಳ ಜಾತ್ರೆ. ಡಿಸೆಂಬರ್-ಜನವರಿಯ ಚಳಿಯಲ್ಲಿ ಹಳ್ಳಿಕಾರ್ ಎತ್ತುಗಳ ಸಾಲು, ಹುಲ್ಲಿನ ಮೆದೆ, ರಾತ್ರಿಯ ಬೆಂಕಿ, ವ್ಯಾಪಾರದ ಗದ್ದಲ. ನಮ್ಮ ತಂದೆಯವರು ಎತ್ತಿನ ಗಾಡಿಯಲ್ಲಿ ಸಾಮಾನು ಸಾಗಿಸಿ ನಮ್ಮನ್ನು ಸಾಕಿದವರು. ನಾನು ಚಿಕ್ಕವನಿದ್ದಾಗ ಒಂದು ಜೊತೆ ಎತ್ತು ಕೊಳ್ಳಲು ಅವರು ನನ್ನನ್ನೂ ಇಲ್ಲಿಗೆ ಕರೆತಂದಿದ್ದರು. ಅವರು ಎತ್ತಿನ ಮೈಮೇಲೆ ಕೈಯಾಡಿಸಿ ಬೆಲೆ ಕೇಳಿದಾಗ, ಮಾರುವ ಗೌಡರು ನಕ್ಕು, "ಏನ್ ಸಾಬ್ರೇ, ಬಾಯಿ ನೋಡ್ದೇನೇ ರೇಟು ಕೇಳ್ತೀರಲ್ಲ!" ಎಂದರು. ತಂದೆಯವರು ಎತ್ತಿನ ಮೂಗು ಹಿಡಿದು, ಕೆಳದುಟಿ ಸರಿಸಿ, ನನ್ನನ್ನು ಹತ್ತಿರ ಕರೆದು ಹಲ್ಲು ತೋರಿಸಿದರು.

ಹಳ್ಳಿಯಿಂದ ಬಂದ ವಿದ್ಯಾರ್ಥಿಗಳಿಗೆ ಇದು ಗೊತ್ತಿರುತ್ತದೆ. ದನಕ್ಕೆ ಮುಂದಿನ ಹಲ್ಲುಗಳಿರುವುದು ಕೆಳದವಡೆಯಲ್ಲಿ ಮಾತ್ರ, ಒಟ್ಟು ಎಂಟು. ಹಾಲುಹಲ್ಲು ಬಿದ್ದು ಮೊದಲ ಜೊತೆ ಬಂದರೆ ಎರಡು ಹಲ್ಲಿನದು, ಸುಮಾರು ಎರಡು, ಎರಡೂವರೆ ವರ್ಷ. ಆಮೇಲೆ ನಾಲ್ಕು ಹಲ್ಲು, ಆರು ಹಲ್ಲು. ಎಂಟೂ ಬಂದರೆ ಬಾಯಿಗೂಡಿತು ಎನ್ನುತ್ತಾರೆ. ಹಲ್ಲು ಸವೆದಿದ್ದರೆ ವಯಸ್ಸಾಯಿತು ಎಂದು ಅರ್ಥ. ಹಲ್ಲು ಕೆಟ್ಟ ಎತ್ತು ಮೇವು ತಿನ್ನುವುದಿಲ್ಲ, ಮೇವು ತಿನ್ನದ ಎತ್ತು ನೊಗ ಎಳೆಯುವುದಿಲ್ಲ. ಅಕ್ಷರ ಬಾರದ ರೈತನೂ ಬಾಯಿ ನೋಡಿ ಇಡೀ ದೇಹದ ಲೆಕ್ಕ ಹೇಳುತ್ತಿದ್ದ.

ಎತ್ತಿನ ಬಾಯಿಯನ್ನು ಅಷ್ಟು ಚೆನ್ನಾಗಿ ನೋಡಬಲ್ಲ ನಮ್ಮ ತಂದೆಯವರು ತಮ್ಮ ಬಾಯಿಯನ್ನು ಒಮ್ಮೆಯೂ ಯಾರಿಗೂ ತೋರಿಸಲಿಲ್ಲ. ಈ ಮಾತನ್ನು ಭಾಷಣದ ಕೊನೆಗೆ ಮತ್ತೆ ಎತ್ತಿಕೊಳ್ಳುತ್ತೇನೆ.

ಬಾಯಿ ಬೇರೆ, ಮೈ ಬೇರೆಯೇ?

ನಮ್ಮ ಜನ ಹೊಟ್ಟೆನೋವು ಬಂದರೆ ಆಸ್ಪತ್ರೆಗೆ ಹೋಗುತ್ತಾರೆ. ಎದೆನೋವು ಬಂದರೆ ಸಾಲ ಮಾಡಿಯಾದರೂ ಬೆಂಗಳೂರಿಗೆ ಹೋಗುತ್ತಾರೆ. ವಸಡಿನಿಂದ ರಕ್ತ ಬಂದರೆ ಮಾತ್ರ ಉಗಿದು ಸುಮ್ಮನಾಗುತ್ತಾರೆ. ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಅಂಗೈಯಿಂದ ದಿನವೂ ಬೆಳಿಗ್ಗೆ ರಕ್ತ ಬರುತ್ತಿದ್ದರೆ ನೀವು ವರ್ಷಗಟ್ಟಲೆ ಸುಮ್ಮನಿರುತ್ತೀರಾ?

ವಸಡಿನ ಒಳಗೆ ನಡೆಯುವುದು ಹೀಗೆ. ಉಂಡ ಮೇಲೆ ಹಲ್ಲಿನ ಮೇಲೆ ತೆಳುವಾದ ಅಂಟು ಪದರ ಕೂರುತ್ತದೆ. ಬಾವಿಯ ಕಲ್ಲಿನ ಮೇಲೆ ಪಾಚಿ ಕಟ್ಟುವ ಹಾಗೆ. ಅದರಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳಿರುತ್ತವೆ. ಹಾಲೆಂಡಿನ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್ ಎಂಬಾತ 1683ರಲ್ಲಿ ತನ್ನ ಹಲ್ಲಿನಿಂದ ಕೆರೆದ ಈ ಪದರವನ್ನೇ ತಾನು ತಯಾರಿಸಿದ ಸೂಕ್ಷ್ಮದರ್ಶಕದಲ್ಲಿ ನೋಡಿ, ಓಡಾಡುವ ಜೀವಿಗಳಿವೆ ಎಂದು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಮನುಷ್ಯನಿಗೆ ಬ್ಯಾಕ್ಟೀರಿಯಾಗಳ ಪರಿಚಯವಾದ ಮೊದಲ ದಾಖಲೆಗಳಲ್ಲಿ ಅದೂ ಒಂದು.

ಈ ಪಾಚಿಯನ್ನು ತೆಗೆಯದಿದ್ದರೆ ಎಂಜಲಿನಲ್ಲಿರುವ ಲವಣ ಸೇರಿ ಗಾರೆಯಂತೆ ಗಟ್ಟಿಯಾಗುತ್ತದೆ. ಗಾರೆ ಬ್ರಷ್‌ಗೆ ಜಗ್ಗುವುದಿಲ್ಲ. ಅದರ ಪಕ್ಕದ ವಸಡು ಕೆಂಪಾಗಿ ಊದಿಕೊಳ್ಳುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ. ಮುಂದೆ ವಸಡು ಹಲ್ಲಿನಿಂದ ಬಿಟ್ಟುಕೊಂಡು ಸಣ್ಣ ಚೀಲದಂತಾಗುತ್ತದೆ. ಅದರೊಳಗೆ ಕೀವು, ಕೆಳಗೆ ಕರಗುವ ಮೂಳೆ. ಬಾಯಿಯಲ್ಲೆಲ್ಲ ಹೀಗಾದವರ ವಸಡಿನೊಳಗಿನ ಹುಣ್ಣನ್ನು ಒಂದೇ ಕಡೆ ಹರಡಿದರೆ 8ರಿಂದ 20 ಚದರ ಸೆಂಟಿಮೀಟರ್ ಆಗಬಹುದೆಂದು ಲೆಕ್ಕ ಹಾಕಿದ್ದಾರೆ. ಅಷ್ಟು ದೊಡ್ಡ ಹುಣ್ಣು ಕಾಲಿನ ಮೇಲಿದ್ದರೆ ಬಟ್ಟೆ ಕಟ್ಟಿಕೊಂಡು ಓಡುತ್ತಿದ್ದೆವು. ಬಾಯಲ್ಲಿದೆ, ಕಾಣುವುದಿಲ್ಲ, ನೋವೂ ಕಡಿಮೆ. ಆದರೆ ಅಲ್ಲಿಂದ ಬ್ಯಾಕ್ಟೀರಿಯಾಗಳೂ ಉರಿಯೂತದ ರಾಸಾಯನಿಕಗಳೂ ರಕ್ತಕ್ಕೆ ಸೇರುತ್ತಲೇ ಇರುತ್ತವೆ. ಬಾಯಿಗೂ ಮೈಗೂ ಇರುವ ಸಂಬಂಧದ ಮುಖ್ಯ ದಾರಿ ಇದು.

ಈ ಗಾರೆಯ ಅಪಾಯವನ್ನು ಸಾವಿರ ವರ್ಷಗಳ ಹಿಂದೆಯೇ ಬರೆದವರಿದ್ದಾರೆ. ಸ್ಪೇನಿನ ಕಾರ್ಡೋಬಾದ ಬಳಿ ಬಾಳಿ 1013ರಲ್ಲಿ ತೀರಿಕೊಂಡ ಅಬುಲ್ ಖಾಸಿಂ ಅಲ್ ಜಹ್ರಾವಿ ಎಂಬ ಶಸ್ತ್ರವೈದ್ಯರು ತಮ್ಮ 'ಅತ್ತಸ್ರೀಫ್' ಗ್ರಂಥದಲ್ಲಿ, ಗಾರೆ ಕಟ್ಟಿದರೆ ವಸಡು ಕೆಡುತ್ತದೆ, ಅದನ್ನು ಕೆರೆದು ತೆಗೆಯಬೇಕು ಎಂದು ಹೇಳಿ, ಅದಕ್ಕೆ ಬೇಕಾದ 14 ಉಪಕರಣಗಳ ಚಿತ್ರವನ್ನೂ ಕೊಟ್ಟಿದ್ದಾರೆ. "ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ" ಎಂದು ಇಂದಿಗೂ ಹೆದರುವ ನಮ್ಮವರು ಇದನ್ನು ಗಮನಿಸಬೇಕು. ಗಾರೆ ತೆಗೆದಾಗ ಹಲ್ಲು ಅಲುಗಿದಂತೆ ಅನ್ನಿಸಿದರೆ, ಆ ಹಲ್ಲನ್ನು ಮೊದಲೇ ಸಡಿಲ ಮಾಡಿದ್ದು ಗಾರೆ, ಡಾಕ್ಟರಲ್ಲ.

ಸಕ್ಕರೆ ಕಾಯಿಲೆ: ಎರಡು ಕಡೆಯ ದಾರಿ

ಬಾಯಿ ಮತ್ತು ದೇಹದ ಸಂಬಂಧಗಳಲ್ಲಿ ಅತ್ಯಂತ ಗಟ್ಟಿಯಾಗಿ ಸಾಬೀತಾಗಿರುವುದು ಸಕ್ಕರೆ ಕಾಯಿಲೆಯದು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10.1 ಕೋಟಿ. ಈ ಸಭೆಯಲ್ಲಿ ಕೂತಿರುವ ಪ್ರತಿಯೊಬ್ಬರ ಬಂಧುಬಳಗದಲ್ಲೂ ಒಬ್ಬರಾದರೂ ಇರುತ್ತಾರೆ.

ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಸೋಂಕನ್ನು ಎದುರಿಸುವ ಶಕ್ತಿ ಕುಂದುತ್ತದೆ, ಗಾಯ ಬೇಗ ಮಾಯುವುದಿಲ್ಲ, ಬಾಯಿ ಒಣಗುತ್ತದೆ. ಹಾಗಾಗಿ ವಸಡು ಬೇಗ ಕೆಡುತ್ತದೆ. ಇದು ಒಂದು ಕಡೆಯ ದಾರಿ. ಇನ್ನೊಂದು ಕಡೆ, ವಸಡಿನಲ್ಲಿ ಸದಾ ಉರಿಯೂತವಿದ್ದರೆ ಅದರ ರಾಸಾಯನಿಕಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಮಾತ್ರೆ ತಪ್ಪದೆ ನುಂಗಿದರೂ ಸಕ್ಕರೆ ಇಳಿಯುವುದು ಕಷ್ಟವಾಗಬಹುದು. ಸಕ್ಕರೆ ವಸಡನ್ನು ಕೆಡಿಸುತ್ತದೆ, ಕೆಟ್ಟ ವಸಡು ಸಕ್ಕರೆಯನ್ನು ಏರಿಸುತ್ತದೆ.

ಆದರೆ ಇದರಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯ ಹೆಸರು ನೀವು ಕೇಳಿರಬಹುದು. ವಸಡಿನ ಚಿಕಿತ್ಸೆ ಪಡೆದ ಸಕ್ಕರೆ ಕಾಯಿಲೆಯವರಲ್ಲಿ ಮೂರು-ನಾಲ್ಕು ತಿಂಗಳಲ್ಲಿ ಅದು ಸರಾಸರಿ 0.4ರಷ್ಟು ಇಳಿಯುತ್ತದೆ ಎಂದು, ಮೂವತ್ತಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಕಾಕ್ರೇನ್ ಸಂಸ್ಥೆಯ 2022ರ ವರದಿ ಹೇಳಿದೆ. ಕೇಳಲು ಸಣ್ಣ ಅಂಕಿ. ಆದರೆ ಕೆಲವೊಮ್ಮೆ ಇನ್ನೊಂದು ಮಾತ್ರೆ ಸೇರಿಸಿದಾಗ ಸಿಗುವ ಪ್ರಯೋಜನಕ್ಕೆ ಇದು ಹತ್ತಿರ ಬರುತ್ತದೆ. ಹಾಗೆಂದು ಮಾತ್ರೆ, ಇನ್ಸುಲಿನ್ ಬಿಡಬೇಡಿ. ಅವುಗಳ ಜೊತೆಗೆ ಬಾಯಿಯನ್ನೂ ನೋಡಿಸಿ.

ಹೃದಯ, ಶ್ವಾಸಕೋಶ, ಗರ್ಭಿಣಿಯರು

ಹೃದಯದ ವಿಷಯದಲ್ಲಿ ಎಚ್ಚರದಿಂದ ಮಾತಾಡಬೇಕು. ವಸಡಿನ ರೋಗ ಇರುವವರಲ್ಲಿ ಹೃದಯರೋಗ ಹೆಚ್ಚು ಕಾಣುತ್ತದೆ, ಇದು ನಿಜ. ಆದರೆ ಬೀಡಿ-ಸಿಗರೇಟು, ಸಕ್ಕರೆ ಕಾಯಿಲೆ, ಬಡತನ ಇವು ಎರಡಕ್ಕೂ ಕಾರಣವಾಗುತ್ತವೆ. ವಸಡಿನ ರೋಗವೇ ಹೃದಯಾಘಾತ ತರುತ್ತದೆ ಎಂಬುದಕ್ಕೆ ಪುರಾವೆ ಸಾಲದು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಹೇಳಿತು. ಈ ಎಚ್ಚರ ಯಾಕೆ ಬೇಕೆಂದರೆ, 1910ರಲ್ಲಿ ವಿಲಿಯಂ ಹಂಟರ್ ಎಂಬ ಬ್ರಿಟಿಷ್ ವೈದ್ಯರ ಒಂದು ಭಾಷಣದ ನಂತರ, ಕೀಲುನೋವಿನಿಂದ ಮನೋರೋಗದವರೆಗೆ ಎಲ್ಲದಕ್ಕೂ ಹಲ್ಲೇ ಕಾರಣ ಎಂಬ ನಂಬಿಕೆ ಹಬ್ಬಿ, ಸುಮಾರು ಮೂವತ್ತು ವರ್ಷ ಕಾಲ ಅಸಂಖ್ಯ ಜನರ ಒಳ್ಳೆಯ ಹಲ್ಲುಗಳನ್ನೂ ಕಿತ್ತುಹಾಕಿದರು. ಅರ್ಧ ಸತ್ಯದಿಂದಲೂ ಹಾನಿಯಾಗುತ್ತದೆ.

ಆದರೆ ಒಂದು ವಿಷಯದಲ್ಲಿ ಅನುಮಾನವಿಲ್ಲ. ಹೃದಯದ ಕವಾಟ ಬದಲಾಯಿಸಿಕೊಂಡವರು, ಹುಟ್ಟಿನಿಂದ ಹೃದಯದ ತೊಂದರೆ ಇರುವವರು, ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಕವಾಟ ಕೆಟ್ಟವರು ಹಲ್ಲು ಕೀಳಿಸುವ ಮೊದಲು ಅದನ್ನು ದಂತ ವೈದ್ಯರಿಗೆ ಹೇಳಲೇಬೇಕು. ಬಾಯಿಯ ಬ್ಯಾಕ್ಟೀರಿಯಾ ರಕ್ತದ ಮೂಲಕ ಹೋಗಿ ಕವಾಟದ ಮೇಲೆ ಕೂತರೆ ಪ್ರಾಣಕ್ಕೇ ಅಪಾಯ. ಮೊದಲೇ ಔಷಧಿ ಬೇಕೋ ಬೇಡವೋ ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ.

ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜ, ಅಜ್ಜಿ ಇದ್ದಾರೆಯೇ? ಅವರ ಬಾಯಿ ಶುಚಿಯಾಗಿಲ್ಲದಿದ್ದರೆ ಎಂಜಲಿನ ಜೊತೆ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಜಪಾನಿನ ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟವಾದ ಮೇಲೆ ಬಾಯಿ ಶುಚಿ ಮಾಡಿಸಿದವರಲ್ಲಿ 100ಕ್ಕೆ 11 ಮಂದಿಗೆ ನ್ಯುಮೋನಿಯಾ ಬಂದರೆ, ಉಳಿದವರಲ್ಲಿ 100ಕ್ಕೆ 19 ಮಂದಿಗೆ ಬಂತು. ಮುಖ್ಯವಾಗಿ ಬ್ರಷ್ ಮತ್ತು ಶ್ರದ್ಧೆಯಿಂದ ಆದದ್ದು ಇದು. ವಿದ್ಯಾರ್ಥಿಗಳೇ, ಇದು ನೀವು ಮಾಡಬಹುದಾದ ಸೇವೆ.

ಗರ್ಭಿಣಿಯರಿಗೆ ವಸಡು ಊದಿ ರಕ್ತ ಬರುವುದು ಸಾಮಾನ್ಯ. "ಈಗ ಹಲ್ಲು ಮುಟ್ಟಿಸಬಾರದು" ಎಂದು ಮನೆಯ ಹಿರಿಯರು ತಡೆಯುತ್ತಾರೆ. ಆ ಭಯ ಬೇಡ. ಗರ್ಭಿಣಿಯರಿಗೆ ಹಲ್ಲಿನ ಚಿಕಿತ್ಸೆ ಸುರಕ್ಷಿತ. ನಾಲ್ಕರಿಂದ ಆರನೆಯ ತಿಂಗಳು ಅದಕ್ಕೆ ಹೆಚ್ಚು ಅನುಕೂಲ. ನೋವು, ಕೀವು ಇದ್ದರೆ ಅಷ್ಟೂ ಕಾಯಬಾರದು.

ನೀರು ಹೇಳುವ ಕಥೆ

ನಮ್ಮ ಪಕ್ಕದ ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಿಂದ, ತುಮಕೂರಿನ ಪಾವಗಡದ ಕಡೆಯಿಂದ ಬಂದ ಸ್ನೇಹಿತರು ನಿಮಗಿರಬಹುದು. ಅವರಲ್ಲಿ ಕೆಲವರ ಹಲ್ಲುಗಳ ಮೇಲೆ ಸುಣ್ಣದಂತಹ ಬಿಳಿ ಗೆರೆ, ಕಂದು ಕಲೆ ಕಂಡಿರುತ್ತದೆ. ಹಲ್ಲುಜ್ಜದೆ ಬಂದ ಕೊಳೆ ಎಂದು ದಯವಿಟ್ಟು ಹಾಸ್ಯ ಮಾಡಬೇಡಿ. ಅದು ಆಳದ ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡಿನ ಗುರುತು. ಸುಮಾರು ಎಂಟು ವರ್ಷದೊಳಗೆ, ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗ ಕುಡಿದ ನೀರು ಹಾಕಿದ ಸಹಿ. ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರು ಸಿಗದಿದ್ದರೆ ಹೆಚ್ಚೆಂದರೆ 1.5 ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಅದಕ್ಕಿಂತ ಬಹಳ ಹೆಚ್ಚಿನ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೂಳೆ, ಕೀಲುಗಳು ಬಿಗಿದುಕೊಂಡು ಬೆನ್ನು ಬಗ್ಗುತ್ತದೆ. ಮೂಳೆಗೆ ಬರಲಿರುವುದನ್ನು ಹಲ್ಲು ಮೊದಲೇ ತಿಳಿಸುತ್ತದೆ. ಮಕ್ಕಳ ಹಲ್ಲಿನಲ್ಲಿ ಇಂತಹ ಕಲೆ ಕಂಡರೆ ಹಲ್ಲು ಬಿಳಿ ಮಾಡಿಸುವ ಮೊದಲು ನೀರು ಪರೀಕ್ಷೆ ಮಾಡಿಸಿ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದೂ ನೆನಪಿರಲಿ.

ಎಲೆ, ಅಡಿಕೆ, ಹೊಗೆಸೊಪ್ಪು

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ರಾತ್ರಿ ಪಾಳಿ ಮಾಡುವವರು ನಿದ್ದೆ ಬಾರದಿರಲೆಂದು ಬಾಯಿಗೆ ಏನಾದರೂ ಹಾಕಿಕೊಳ್ಳುತ್ತಾರೆ. ಆಟೋ, ಲಾರಿ ಓಡಿಸುವವರೂ ಅಷ್ಟೇ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆಗ ಪಾನ್ ಮಸಾಲೆಯ ಪೊಟ್ಟಣ ಬೇರೆ, ತಂಬಾಕಿನ ಪೊಟ್ಟಣ ಬೇರೆ ಕೊಂಡು ಬಾಯಲ್ಲೇ ಗುಟ್ಕಾ ಮಾಡಿಕೊಳ್ಳುವುದನ್ನು ಜನ ಕಲಿತರು. "ನಾನು ಹೊಗೆಸೊಪ್ಪು ಹಾಕುವುದಿಲ್ಲ, ಬರೀ ಅಡಿಕೆ" ಎನ್ನುವವರಿಗೂ ಒಂದು ಮಾತು. ಅಡಿಕೆಯೇ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ.

2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ 1 ಲಕ್ಷ 40 ಸಾವಿರಕ್ಕೂ ಹೆಚ್ಚು ಜನರಿಗೆ ಹೊಸದಾಗಿ ಬಾಯಿಯ ಕ್ಯಾನ್ಸರ್ ಬಂತು. ಜಗತ್ತಿನ ಒಟ್ಟು ಸಂಖ್ಯೆಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ನಮ್ಮದೇ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಹೊರಗೆ ಒಂದು ಬೆಳಿಗ್ಗೆ ನಿಂತು ನೋಡಿ, ಅಂಕಿ-ಅಂಶ ಬೇಕಾಗುವುದಿಲ್ಲ. ಬಾಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣು, ಕೆರೆದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ಹೋಗುವಷ್ಟೂ ಬಾಯಿ ತೆರೆಯಲಾಗದಿರುವುದು, ಇವುಗಳಲ್ಲಿ ಯಾವುದಿದ್ದರೂ ಆ ವಾರವೇ ತೋರಿಸಬೇಕು. ಬೇಗ ಕಂಡುಹಿಡಿದರೆ ಬಾಯಿಯ ಕ್ಯಾನ್ಸರ್ ಗುಣವಾಗುತ್ತದೆ.

ಮಿಸ್ವಾಕ್ ಮತ್ತು ಬ್ರಷ್

ದಿನಕ್ಕೆ ಐದು ಸಲ ವುಜೂ ಮಾಡುವಾಗ ಮೂರು ಮೂರು ಬಾರಿ ಬಾಯಿ ಮುಕ್ಕಳಿಸುವವರು ನಾವು. ಮಿಸ್ವಾಕ್ ನಮಗೆ ಸುನ್ನತ್. ಇಷ್ಟು ಒಳ್ಳೆಯ ಅಭ್ಯಾಸ ಕೈಯಲ್ಲಿದ್ದೂ ನಮ್ಮವರ ಬಾಯಿ ಯಾಕೆ ಕೆಡುತ್ತದೆ? ಗಡಿಬಿಡಿಯಲ್ಲಿ ಒಂದು ಗುಟುಕು ನೀರು ಆಡಿಸಿ ಉಗಿದರೆ ಪಾಚಿ ಹೋಗುವುದಿಲ್ಲ. ಪೀಲು ಮರದ ಮಿಸ್ವಾಕ್‌ನಲ್ಲಿ ಬ್ಯಾಕ್ಟೀರಿಯಾ ತಡೆಯುವ ಗುಣವಿದೆ. ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದಲ್ಲಿ ಅದರ ಬಳಕೆಯನ್ನು ಪ್ರೋತ್ಸಾಹಿಸಿತು. ಆದರೆ ಬಳಸುವವರು ಮುಂದಿನ ಹಲ್ಲುಗಳ ಹೊರಬದಿಯನ್ನು ಉಜ್ಜಿ ಬಿಡುತ್ತಾರೆ. ಒಳಬದಿ, ಹಿಂದಿನ ದವಡೆ ಹಲ್ಲು ಹಾಗೇ ಉಳಿಯುತ್ತವೆ. ಬೇವಿನ ಕಡ್ಡಿ, ಹೊಂಗೆ ಕಡ್ಡಿ ಬಳಸುವವರಿಗೂ ಇದೇ ಮಾತು. ತುದಿಯನ್ನು ಚೆನ್ನಾಗಿ ಅಗಿದು ಮೆದು ಮಾಡಿ, ಎಲ್ಲ ಬದಿಗೂ ಮುಟ್ಟಿಸಿ. ರಾತ್ರಿ ಮಲಗುವ ಮುನ್ನ ಫ್ಲೋರೈಡ್ ಪೇಸ್ಟ್ ಮತ್ತು ಮೆತ್ತನೆಯ ಬ್ರಷ್ ಬಳಸಿ. ಇವು ಒಂದಕ್ಕೊಂದು ವಿರೋಧಿಗಳಲ್ಲ. ಇಟ್ಟಿಗೆ ಪುಡಿ, ಬೂದಿ, ಮರಳು ಬೇಡವೇ ಬೇಡ, ಹಲ್ಲು ಸವೆಯುತ್ತದೆ. ತಂಬಾಕು ಬೆರೆಸಿದ ಹಲ್ಲುಪುಡಿಯನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ.

ನಾನು ನೋಡದೆ ಹೋದದ್ದು

ಈಗ ನಮ್ಮ ತಂದೆಯವರ ಮಾತಿಗೆ ಬರುತ್ತೇನೆ. ಅವರ ಐವತ್ತರ ಸುಮಾರಿಗೆ ವಸಡಿನಿಂದ ರಕ್ತ ಬರಲು ಶುರುವಾಯಿತು. ಉಪ್ಪುನೀರು ಮುಕ್ಕಳಿಸುತ್ತಿದ್ದರು. ಒಂದೊಂದೇ ಹಲ್ಲು ಅಲುಗಿತು. ಕೈಯಿಂದಲೇ ಕಿತ್ತು ಎಸೆದರು. ಮೂರು ಸಲ ವಸಡಿನಲ್ಲಿ ಕೀವು ಕಟ್ಟಿತು. ಅಂಗಡಿಯಿಂದ ಮಾತ್ರೆ ತಂದು ನುಂಗಿದರು. ರಾತ್ರಿ ಪದೇ ಪದೇ ನೀರು ಕುಡಿಯಲು ಏಳುತ್ತಿದ್ದರು. ಆಗ ನಾನು ದಂತ ವೈದ್ಯಕೀಯದ ಮೂರನೆಯ ವರ್ಷದಲ್ಲಿದ್ದೆ. ಮತ್ತೆ ಮತ್ತೆ ವಸಡಿನಲ್ಲಿ ಕೀವು ಕಟ್ಟಿದರೆ ಸಕ್ಕರೆ ಪರೀಕ್ಷೆ ಮಾಡಿಸಬೇಕು ಎಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ರಜೆಗೆ ಮನೆಗೆ ಬಂದಾಗ ಅವರ ಎದುರಿಗೇ ಕೂತು ಊಟ ಮಾಡುತ್ತಿದ್ದೆ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಿದ್ದುದನ್ನು ನೋಡುತ್ತಿದ್ದೆ. "ಅಬ್ಬಾ, ಒಮ್ಮೆ ಬಾಯಿ ತೆರೆಯಿರಿ" ಎಂದು ನಾನು ಕೇಳಲಿಲ್ಲ.

ಎರಡು ವರ್ಷದ ನಂತರ ಕಾಲಿಗೆ ಚಪ್ಪಲಿ ಕಚ್ಚಿ ಆದ ಗಾಯ ಮಾಯದೆ ಆಸ್ಪತ್ರೆಗೆ ಸೇರಿಸಿದಾಗ ಸಕ್ಕರೆ 400 ದಾಟಿತ್ತು. ಎರಡು ಬೆರಳು ತೆಗೆಯಬೇಕಾಯಿತು. ಆಮೇಲೆ ಗಾಡಿ ಹೂಡಲಿಲ್ಲ, ಎತ್ತು ಮಾರಿದರು. ಆ ಗಾಯಕ್ಕಿಂತ ಎಷ್ಟೋ ಮೊದಲೇ ಅವರ ಬಾಯಿ ಹೇಳುತ್ತಿತ್ತು. ಕೇಳಬೇಕಾದ ವಿದ್ಯೆ ಕಲಿತವನು ಅದೇ ಮನೆಯಲ್ಲಿದ್ದೆ. ಅಂದಿನಿಂದ ನನ್ನ ಬಳಿ ವಸಡಿನ ಕೀವು ಎಂದು ಬರುವ ಪ್ರತಿಯೊಬ್ಬರಿಗೂ ಮೊದಲು ಸಕ್ಕರೆ ಪರೀಕ್ಷೆ ಮಾಡಿಸುತ್ತೇನೆ. ತಮಗೆ ಕಾಯಿಲೆ ಇದೆ ಎಂದೇ ಗೊತ್ತಿಲ್ಲದ ಹಲವರು ಹೀಗೆ ಸಿಕ್ಕಿದ್ದಾರೆ.

ಈ ಶಿಬಿರದಿಂದ ಮನೆಗೆ ಒಯ್ಯಿರಿ

1. ಬೆಳಿಗ್ಗೆ ಮತ್ತು ರಾತ್ರಿ ಎರಡೆರಡು ನಿಮಿಷ ಹಲ್ಲುಜ್ಜಿ. ರಾತ್ರಿಯದು ತಪ್ಪಲೇಬಾರದು. ರಂಜಾನ್‌ನಲ್ಲಿ ಇಫ್ತಾರ್ ನಂತರ ಹಾಗೂ ಸಹರಿಯ ನಂತರ ಉಜ್ಜಿ.
2. ರಕ್ತ ಬರುತ್ತದೆ ಎಂದು ಹಲ್ಲುಜ್ಜುವುದನ್ನು ಬಿಡಬೇಡಿ. ಉಜ್ಜದಿರುವುದರಿಂದಲೇ ರಕ್ತ ಬರುವುದು. ಎರಡು ವಾರದಲ್ಲಿ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.
3. ಮಗುವಿನ ಬಾಯಲ್ಲಿ ಸಿಹಿ ಹಾಲಿನ ಬಾಟಲಿ ಇಟ್ಟು ಮಲಗಿಸಬೇಡಿ. ಹಾಲುಹಲ್ಲು ಹೇಗೂ ಬೀಳುತ್ತದೆ ಎಂದು ಹುಳುಕನ್ನು ಬಿಡಬೇಡಿ. ನೋವಿರುವ ಮಗು ಉಣ್ಣುವುದಿಲ್ಲ, ಮಲಗುವುದಿಲ್ಲ, ಓದುವುದೂ ಇಲ್ಲ.
4. ಸಕ್ಕರೆ ಕಾಯಿಲೆ ಇರುವವರು ಆರು ತಿಂಗಳಿಗೊಮ್ಮೆ ವಸಡು ತೋರಿಸಿ. ವಸಡು ಪದೇ ಪದೇ ಕೆಡುವವರು ಸಕ್ಕರೆ ಪರೀಕ್ಷೆ ಮಾಡಿಸಿ.
5. ಹಣವಿಲ್ಲ ಎಂದು ಸುಮ್ಮನಿರಬೇಡಿ. ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗ, ಬೆಂಗಳೂರಿನ ಕೋಟೆ ಬಳಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇರುವುದು ನಮಗಾಗಿಯೇ. ಹಲ್ಲಿಲ್ಲದ ಬಡ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ ಕೊಡಲು ರಾಜ್ಯ ಸರ್ಕಾರ 2014-15ರಲ್ಲಿ 'ದಂತಭಾಗ್ಯ' ಯೋಜನೆ ತಂದಿತು. ಅಲ್ಲಿಗೆ ಹೋದಾಗ ಅದರ ಬಗ್ಗೆಯೂ ವಿಚಾರಿಸಿ.

ವಿದ್ಯಾರ್ಥಿ ಮಿತ್ರರೇ, ನಿಮಗೊಂದು ಕೆಲಸ ಕೊಟ್ಟು ಮುಗಿಸುತ್ತೇನೆ. ನಾಳೆ ಮನೆಗೆ ಹೋದ ಮೇಲೆ ತಂದೆ, ತಾಯಿ, ಅಜ್ಜ, ಅಜ್ಜಿಯರ ಬಳಿ ಕೂತು, ಒಂದು ಟಾರ್ಚ್ ಹಿಡಿದು, "ಒಮ್ಮೆ ಬಾಯಿ ತೆರೆಯಿರಿ" ಎಂದು ಕೇಳಿ. ಅವರು ನಗಬಹುದು, ಬೈಯಬಹುದು. ಆದರೂ ನೋಡಿ. ಊದಿದ ವಸಡು, ಅಲುಗುವ ಹಲ್ಲು, ಮಾಯದ ಹುಣ್ಣು ಕಂಡರೆ ಕೈಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ದೇಹ ನಮಗೆ ಅಮಾನತ್ತಾಗಿ ಬಂದದ್ದು. ನಮ್ಮ ಹಿರಿಯರು ನಮಗೆ ಅದಕ್ಕಿಂತ ದೊಡ್ಡ ಅಮಾನತ್ತು.

ಈ ಘಾಟಿಯ ಜಾತ್ರೆಯಲ್ಲಿ ನಮ್ಮ ತಂದೆಯವರು ನನಗೆ ಬಾಯಿ ನೋಡುವುದನ್ನು ಕಲಿಸಿದರು. ಅವರ ಬಾಯಿಯನ್ನು ನಾನು ನೋಡಲಿಲ್ಲ. ನೀವು ನೋಡಿ.  ಅಲ್ಲಾಹನು ನಮಗೆಲ್ಲರಿಗೂ ಆರೋಗ್ಯ ಕರುಣಿಸಲಿ.